ನೀಲವ್ವನ ಸಪ್ಪೆ ನಾಷ್ಟಾ

ನನ್ನ ಹೆಂಡತಿ ಸುಮಿತ್ರಾ ದಿನಾ ಬೆಳಿಗ್ಗೆ ಒಂದು ಬಾಟಲಿಗೆ ನೀರು ತುಂಬಿ ನನ್ನ ಕುರ್ಚಿಯ ಪಕ್ಕದಲ್ಲಿಟ್ಟು ಹೋಗುತ್ತಾಳೆ. ಮಲಗುವ ತನಕ ಅದೇ ನನ್ನ ಪಾಲು. ನಡುವೆ ಅರ್ಧ ಕಪ್ ಚಹಾ ಕೊಟ್ಟರೆ ಅಷ್ಟೇ ನೀರನ್ನು ಬಾಟಲಿಯಿಂದ ತೆಗೆದು ತುಳಸಿಗೆ ಹಾಕಿಬಿಡುತ್ತಾಳೆ. ನಮ್ಮ ಮನೆಯ ತುಳಸಿ ಈಗ ಸೊಂಪಾಗಿ ಬೆಳೆದಿದೆ. ಮೊನ್ನೆ ಆ ಬಾಟಲಿಯನ್ನೇ ನೋಡುತ್ತ ಕೂತವನಿಗೆ ನಗು ಬಂತು. ನೀರು ಬೇಡ, ನೀರು ಬೇಡ ಎಂದುಕೊಂಡೇ ಇಡೀ ನೌಕರಿ ಮುಗಿಸಿದವನು ನಾನು.

ನಾನು ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದೆ. ನಿಮಗೆ ಗೊತ್ತಿರಲಿಕ್ಕಿಲ್ಲ, ಕಂಡಕ್ಟರ್ ನೀರು ಕುಡಿದರೆ ಎಲ್ಲೋ ಒಂದು ಕಡೆ ಬಸ್ಸು ನಿಲ್ಲಿಸಬೇಕಾಗುತ್ತದೆ. ಬಸ್ಸು ನಿಂತಿತೆಂದರೆ ಒಳಗಿದ್ದವರೆಲ್ಲ ಬಾಯಿ ತೆರೆಯುತ್ತಾರೆ. "ಏನ್ರೀ ಕಂಡಕ್ಟರ್, ಹೆಂಗಸರು ಮಕ್ಕಳು ತಡಕೊಂಡು ಕುಂತಾರ, ನಿಮಗ ತಡಿಯಾಕ ಆಗೂದಿಲ್ಲೇನು?" ಎಂದು ಒಬ್ಬ ಮುದುಕ ದಾಂಡೇಲಿಯ ಕಾಡಿನ ನಡುವೆ ನನ್ನನ್ನು ತುಂಬಿದ ಬಸ್ಸಿನೆದುರು ಕೇಳಿದ್ದ. ಆವತ್ತಿನಿಂದ ಡ್ಯೂಟಿಯ ಮೇಲೆ ನೀರು ಬಿಟ್ಟೆ. ಬಾಯಿ ಒಣಗಿದರೆ ಒಂದು ಅಡಿಕೆ ಚೂರು. ಒಮ್ಮೆ ಕಿಡ್ನಿಯಲ್ಲಿ ಹರಳಾಯಿತು, ನೋವಿಗೆ ಸೀಟಿನ ಮೇಲೆ ಮುದುಡಿ ಮಲಗಿದೆ, ಡ್ರೈವರನೇ ಟಿಕೆಟ್ ಹರಿದ. ಹರಳು ಹೋದ ಮೇಲೆ ಮತ್ತೆ ಅದೇ ಚಾಳಿ.

ನೀರು ಬಿಟ್ಟೆನಾದರೂ ನಾಷ್ಟಾ ಬಿಟ್ಟವನಲ್ಲ. ಈ ಸೀಮೆಯ ರಸ್ತೆಗಳು ನನ್ನ ತಲೆಯಲ್ಲಿ ಊರುಗಳಾಗಿ ಇಲ್ಲ, ತಿಂಡಿಗಳಾಗಿ ಇವೆ. ದಾಂಡೇಲಿಯಲ್ಲಿ ರಾತ್ರಿ ವಸ್ತಿ ಮಾಡಿದ ಮರುದಿನ ಬೆಳಿಗ್ಗೆ ಕಾಗದದ ಕಾರ್ಖಾನೆಯ ಮೊದಲ ಪಾಳಿಯವರ ಜೊತೆ ನಿಂತು ಪುರಿ-ಭಾಜಿ. ಹಳಿಯಾಳದಲ್ಲಿ ಮೇಲೆ ಶೇವು ಉದುರಿಸಿದ, ಎಣ್ಣೆ ತೇಲುವ ಕಾಳಿನ ಉಸಳ-ಪಾವು. ಜೋಯಿಡಾದಲ್ಲಿ ಒಬ್ಬ ಕೊಂಕಣಿ ಹೆಂಗಸು ಗಾಡಿಯ ಮೇಲೆ ಮಾಡುತ್ತಿದ್ದ ಭಜಿ. ಆಕೆ ನನ್ನ ಬಸ್ಸಿನ ಹಾರ್ನು ಕೇಳಿಯೇ ಬಾಣಲೆಗೆ ಹಿಟ್ಟು ಬಿಡುತ್ತಿದ್ದಳು. ಹುಬ್ಬಳ್ಳಿ ದಾರಿಯ ತಡಸದಲ್ಲಿ ಸೂಸಲಾ, ಅಂದರೆ ನೆನೆಸಿದ ಚುರುಮುರಿಯ ಒಗ್ಗರಣೆ, ಮಗ್ಗುಲಿಗೆ ಎರಡು ಮಿರ್ಚಿ. ಕಂಡಕ್ಟರಿಗೆ ಯಾರೂ ಹಳಸಿದ್ದು ಕೊಡುವುದಿಲ್ಲ, ಇಡೀ ಬಸ್ಸಿನ ಗಿರಾಕಿ ಅವನ ಕೈಯಲ್ಲಿರುತ್ತದೆ. ಈ ಗೌರವ ನನಗೆ ಬಹಳ ಹಿಡಿಸಿತ್ತು.

ಉಪ್ಪಿನ ರುಚಿ ಮಾತ್ರ ಹುಟ್ಟಿನಿಂದ ಬಂದದ್ದು. ಮುಂಡಗೋಡಿನ ಹತ್ತಿರದ ಹಳ್ಳಿ ಇಂದೂರಿನ ನಮ್ಮ ಮನೆಯಲ್ಲಿ ನಾಷ್ಟಾ ಎಂಬ ಶಬ್ದವೇ ಇರಲಿಲ್ಲ. ರಾತ್ರಿ ನೀರಿನಲ್ಲಿಟ್ಟ ಅನ್ನಕ್ಕೆ ಅವ್ವ ಬೆಳಿಗ್ಗೆ ಮಜ್ಜಿಗೆ ಸುರಿದು, ಹರಳುಪ್ಪು ಹಾಕಿ, ಕೈಯಿಂದ ಕಿವುಚಿ ನಮ್ಮ ತಾಟುಗಳಿಗೆ ಹಾಕುತ್ತಿದ್ದಳು. ಉಪ್ಪಿನಕಾಯಿಯ ರಸದಲ್ಲಿ ಅನ್ನ ಕೆಂಪಗಾಗದಿದ್ದರೆ ಅಪ್ಪ ಊಟಕ್ಕೆ ಕೂತವನೇ ಅಲ್ಲ. ನಾವು ಹುಡುಗರು ಶಾಲೆಗೆ ಹೋಗುವಾಗ ಒಂದು ಉಪ್ಪಿನ ಹರಳು ನಾಲಿಗೆಯ ಕೆಳಗಿಟ್ಟುಕೊಂಡು, ಯಾರದು ದೂರದ ತನಕ ಕರಗದೆ ಉಳಿಯುತ್ತದೆಂದು ಪಂಥ ಕಟ್ಟುತ್ತಿದ್ದೆವು. ಹುಣಸೆಹಣ್ಣು, ಉಪ್ಪು, ಮೆಣಸಿನಕಾಯಿ ಕುಟ್ಟಿ ಕಡ್ಡಿಗೆ ಚುಚ್ಚಿದ ಚಿಗಳಿ ಇಲ್ಲದೆ ನಮ್ಮ ಯಾವ ಆಟವೂ ನಡೆಯುತ್ತಿರಲಿಲ್ಲ. ಆಗ ಹೊಲದ ಕೆಲಸದ ಬೆವರಿನಲ್ಲಿ ಅದೆಲ್ಲ ಹರಿದು ಹೋಗುತ್ತಿತ್ತೋ ಏನೋ. ಬಸ್ಸಿನಲ್ಲಿ ಕೂತು ತಿಂದದ್ದು ಎಲ್ಲಿಗೆ ಹರಿಯಬೇಕು?

ನೌಕರಿಯಲ್ಲಿದ್ದಾಗಲೇ ಡಾಕ್ಟರರು ಬಿಪಿ ಇದೆ ಎಂದು ಹೇಳಿದ್ದರು. ಗುಳಿಗೆ ಕೊಟ್ಟಿದ್ದರು. ಎರಡು ತಿಂಗಳು ನುಂಗಿದೆ, ತಲೆನೋವು ಹೋಯಿತು, ಗುಳಿಗೆಯೂ ಹೋಯಿತು. ನಿವೃತ್ತಿಯಾಗಿ ಮುಂಡಗೋಡಿನಲ್ಲಿ ಮನೆ ಮಾಡಿದ ಮೇಲೆ ಒಂದು ಬೆಳಿಗ್ಗೆ ಚಪ್ಪಲಿ ಕಾಲಿಗೆ ಹೋಗಲಿಲ್ಲ. ಕಾಲು ಬಾತಿತ್ತು. ಹುಬ್ಬಳ್ಳಿಯ ಡಾಕ್ಟರ್ ಬಾಯಿಯವರು ರಕ್ತದ ವರದಿ ನೋಡಿ ಎರಡೂ ಕಿಡ್ನಿ ಕೆಟ್ಟಿವೆ ಎಂದರು. ನಾನು ಕೇಳಿದೆ, ಇದು ಯಾವ ನಾಷ್ಟಾದಿಂದ ಆಗಿರಬಹುದು ಎಂದು. ಆಗಲೂ ನನ್ನ ತಲೆಯಲ್ಲಿ ಹಳಿಯಾಳದ ಉಸಳವೇ ಓಡುತ್ತಿತ್ತು.

"ಒಂದು ನಾಷ್ಟಾದಿಂದ ಯಾರಿಗೂ ಕಿಡ್ನಿ ಹೋಗೂದಿಲ್ಲ ಅಣ್ಣಾರ," ಎಂದರು ಆಕೆ. "ದಿನಾ ತಿಂದ ಉಪ್ಪು ಬಿಪಿ ಏರಿಸ್ತು. ಬಿಪಿ ಕಿಡ್ನಿ ತಿಂತು. ಅವು ಕಡೀತನಕ ಸಪ್ಪಳಾನ ಮಾಡೂದಿಲ್ಲ. ನೀವು ಗುಳಿಗಿ ಬಿಡಬಾರದಾಗಿತ್ತು."

ಹೀಗೆ ನಾನು ವಾರಕ್ಕೆರಡು ಸಲ ಡಯಾಲಿಸಿಸ್ ಮಶೀನಿನಲ್ಲಿ ರಕ್ತ ತೊಳೆಸಿಕೊಳ್ಳಲು ಹುಬ್ಬಳ್ಳಿಗೆ ಹೋಗುವವನಾದೆ. ಕುಡಿದ ನೀರು ಮೈಯಲ್ಲೇ ಉಳಿದು ಎದೆಗೆ ಭಾರವಾಗುತ್ತದೆಂದು ನೀರಿಗೂ ಅಳತೆ ಬಂತು. ಸಮೀಪದ ಆಸ್ಪತ್ರೆಯ ಮಶೀನುಗಳಲ್ಲಿ ಪಾಳಿ ಖಾಲಿ ಇರಲಿಲ್ಲ. ಬಸ್ಸಿನಲ್ಲಿ ಹೋಗಿ ಬರುವ ಶಕ್ತಿ ಇರಲಿಲ್ಲ. ನಮ್ಮ ಓಣಿಯ ಇಮಾಮಸಾಬ ತನ್ನ ಹಳೇ ಓಮ್ನಿಯಲ್ಲಿ ಕರೆದೊಯ್ಯಲು ಒಪ್ಪಿದ. "ಸನವಳ್ಳಿಯಿಂದ ಒಬ್ಬ ಹೆಣ್ಣಮಗಳೂ ಬರ್ತಾಳ. ಅಕೀದೂ ನಿಮ್ಮದ ಜಡ್ಡು. ಇಬ್ಬರೂ ಕೂಡಿ ಹೋಗೂಣು" ಎಂದ.

ಆ ಹೆಣ್ಣುಮಗಳೇ ನೀಲವ್ವ. ಅರವತ್ತರ ಆಸುಪಾಸು, ಸಣ್ಣ ಜೀವ, ದೊಡ್ಡ ಕುಂಕುಮದ ಜಾಗದಲ್ಲಿ ವಿಭೂತಿ. ಗಂಡ ತೀರಿ ಬಹಳ ವರ್ಷವಾಗಿತ್ತು. ಭತ್ತದ ನಾಟಿ, ಕಳೆ, ಕೊಯ್ಲು ಎಂದು ಬೆನ್ನು ಬಾಗಿಸಿಯೇ ಬದುಕಿದವಳು. ಮಗಳು ಕಸ್ತೂರಿಯನ್ನು ಅದೇ ಊರಿನಲ್ಲಿ ಕೊಟ್ಟಿದ್ದಳು. ಕಸ್ತೂರಿ ಮನೆಯಲ್ಲೇ ಮಶೀನಿಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದಳು. ತಾಯಿಗೆ ಬೇಯಿಸಿ ಹಾಕುವುದು, ನಮ್ಮ ಗಾಡಿ ಬರುವ ಹೊತ್ತಿಗೆ ಆಕೆಯನ್ನು ರಸ್ತೆಯ ತನಕ ಕೈ ಹಿಡಿದು ತಂದು ಹತ್ತಿಸುವುದು ಅವಳ ಕೆಲಸ.

ಮೊದಲ ದಿನವೇ ನೀಲವ್ವ ಕೇಳಿದಳು. "ಅಣ್ಣಾರ, ನೀವು ಕಂಡಕ್ಟರ್ ಇದ್ರಂತ. ಊರೂರು ತಿರಿಗಿ ಏನೇನ ತಿಂದೀರಿ, ಒಂದೀಟು ಹೇಳ್ರಲಾ."

ನಾನು ದಾಂಡೇಲಿಯ ಪುರಿ-ಭಾಜಿಯಿಂದ ಶುರು ಮಾಡಿದೆ. ಪುರಿ ಉಬ್ಬುವುದು, ಬೆರಳಿನಿಂದ ಚುಚ್ಚಿದಾಗ ಹೊರಬರುವ ಉಗಿ, ಬಟಾಟೆ ಭಾಜಿಯಲ್ಲಿ ಸಿಗುವ ಸಾಸಿವೆ. ಆಕೆ ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ಆಕೆಯ ಸರದಿ. ಹೊಲದ ಬದುವಿನ ಮೇಲೆ ಕೂತು ಬಿಚ್ಚುತ್ತಿದ್ದ ಬುತ್ತಿ, ರೊಟ್ಟಿ, ಅದರ ಮೇಲೆ ಕೆಂಪು ಮೆಣಸಿನಕಾಯಿ ಅರೆದು ಮಾಡಿದ ರಂಜಕ. "ಉಪ್ಪು ಮುಂದಿರಬೇಕ್ರಿ ರಂಜಕಕ್ಕ. ಉಪ್ಪು ಹಿಂದ ಬಿತ್ತಂದ್ರ ಕೆಡ್ತೈತಿ. ನಡಾ ನೋಯ್ತಂದ್ರ ರೊಟ್ಟಿ ಸಂಗಾಟ ಒಂದು ನೋವಿನ ಗುಳಿಗಿ. ಅಂಗಡ್ಯಾಗ ಚಹಾಪುಡಿ ಸಂಗಾಟನ ಗುಳಿಗಿ ತರತಿದ್ದೆ. ಎಷ್ಟ ವರ್ಷ ತಿಂದೆನೋ ಶಿವನ ಬಲ್ಲ." ಆ ಗುಳಿಗೆಗಳೂ ಕಿಡ್ನಿ ಕೆಡಿಸುತ್ತವೆಂದು ಆಕೆಗೆ ಆಸ್ಪತ್ರೆಯಲ್ಲಿ ಹೇಳಿದ್ದರು. ಅದನ್ನು ಹೇಳುವಾಗ ಮಾತ್ರ ಆಕೆಯ ದನಿ ಇಳಿಯಿತು.

ಆವತ್ತಿನಿಂದ ನಮ್ಮ ಗಾಡಿಯಲ್ಲಿ ತಿಂಡಿಯ ಹೊರತು ಬೇರೆ ಮಾತಿಲ್ಲ. ಇಮಾಮಸಾಬ ಸ್ಟಿಯರಿಂಗ್ ಹಿಡಿದುಕೊಂಡೇ ಗೋಳಾಡುತ್ತಿದ್ದ. "ಅರೇ, ಬಾಯಿ ಮುಚ್ಚರಿ ಇಬ್ಬರೂ. ನಿಮಗ ತಿನ್ನಾಕ ಬರೂದಿಲ್ಲ, ನನಗ ಹಸಿವಿ ತಡಿಯಾಕ ಬರೂದಿಲ್ಲ." ಒಮ್ಮೆ ಬೆಳಗಿನಲ್ಲಿ ಕೊಕ್ಕರೆಗಳ ಸಾಲೊಂದು ಅತ್ತಿವೇರಿಯ ಕಡೆಗೆ ಹಾರಿಹೋಗುತ್ತಿತ್ತು. ನೀಲವ್ವ ಕಿಟಕಿಯಿಂದ ಕತ್ತೆತ್ತಿ ನೋಡಿ, "ಪುಣ್ಯಾ ಮಾಡ್ಯಾವ್ರಿ. ದಿನಾ ಕೆರಿಯಾಗ ನಿಂತಿರ್ತಾವ, ಬೇಕನಿಸಿದಾಗ ಕೊಕ್ಕ ಅದ್ದಿದ್ರಾತು" ಎಂದಳು. 

ಮಾತಿನಲ್ಲಿ ಇಷ್ಟೆಲ್ಲ ಉಣ್ಣುತ್ತಿದ್ದವಳು ಬಾಯಿಗೆ ಮಾತ್ರ ಒಂದು ಹರಳು ಉಪ್ಪು ಸೋಕಿಸಲಿಲ್ಲ. ಅಕ್ಕಿ ಹಿಟ್ಟಿನ ಸಪ್ಪೆ ರೊಟ್ಟಿ, ಹೀರೇಕಾಯಿಯ ಸಪ್ಪೆ ಪಲ್ಯ. ಪೊಟ್ಯಾಸಿಯಂ ಹೋಗಲೆಂದು ಕಾಯಿಪಲ್ಲೆ ಕುದಿಸಿ ಆ ನೀರನ್ನು ಚೆಲ್ಲಬೇಕೆಂದು ನಮ್ಮಿಬ್ಬರಿಗೂ ಹೇಳಿದ್ದರು. ಬಾಳೆಹಣ್ಣು, ಎಳನೀರು, ಟೊಮೆಟೊ ಯಾವುದೂ ಇಲ್ಲ. "ಕುದಿಸಿದ ನೀರಾಗ ರುಚಿ ಇರ್ತೈತ್ರಿ. ಅದನ್ನ ಚೆಲ್ಲಿ ಚರಟಾ ತಿನ್ನೂದು ನಮ್ಮ ಹಣೇಬರಾ" ಎನ್ನುತ್ತಲೇ ಆಕೆ ಚೆಲ್ಲಿಸುತ್ತಿದ್ದಳು. ನಾನು ಹಾಗಲ್ಲ. ತಡಸ ಬಂದರೆ ಇಮಾಮಸಾಬ ಚಹಾಕ್ಕೆ ಗಾಡಿ ನಿಲ್ಲಿಸುತ್ತಿದ್ದ. ನಾನು ಇಳಿದು ಒಂದು ಪ್ಲೇಟು ಸೂಸಲಾ, ಎರಡು ಮಿರ್ಚಿ ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದೆ. ಇನ್ನೇನು ಮಶೀನಿನ ಮೇಲೆ ಮಲಗುತ್ತೇನೆ, ತಿಂದದ್ದನ್ನು ಅದು ತೊಳೆದುಬಿಡುತ್ತದೆ ಎಂಬುದು ನನ್ನ ಲೆಕ್ಕಾಚಾರ.

"ಮಶೀನ ಏನು ಸಾಬಾಣಲ್ರಿ ಅಣ್ಣಾರ, ಎಲ್ಲಾ ಕಲಿ ತಗಿಯಾಕ," ಎಂದು ನೀಲವ್ವ ಗಾಡಿಯಲ್ಲೇ ಕೂತು ತನ್ನ ರೊಟ್ಟಿ ಮುರಿಯುತ್ತಿದ್ದಳು. "ಸುಮಿತ್ರಾ ವೈನಿ ಅಲ್ಲಿ ಮನ್ಯಾಗ ನಿಮಗ ಸಪ್ಪಂದು ಬೇಯಿಸಿ, ತಾನೂ ಅದನ್ನ ಉಣ್ಣತಿರಬೇಕು. ನೀವು ಇಲ್ಲಿ ಮಿರ್ಚಿ ಕಡೀರಿ."

"ಇಷ್ಟು ಪಥ್ಯಾ ಮಾಡಿ ಏನ್ ಮಾಡೂದೈತಿ ನೀಲವ್ವ?" ಎಂದು ಒಮ್ಮೆ ಕೇಳಿದೆ. ಕೇಳಿದ ಮೇಲೆ ಮಾತು ಒರಟಾಯಿತು ಅನಿಸಿತು.

ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಏನೂ ಇಲ್ರಿ. ಮುಂಜಾನೆದ್ದು ಬಾಗಲಾ ತಗದು ಹೊರಗ ನೋಡೂ ಚಟಾ ಐತಿ ನನಗ. ಅದೊಂದು ಬಿಡಲೊಲ್ದು" ಎಂದಳು.

ಹೀಗೆ ಎರಡು ಮಳೆಗಾಲ ಕಳೆದವು. ನಾನು ಕದ್ದು ತಿನ್ನುತ್ತ ಬದುಕಿದೆ. ಆಕೆ ಬಿಗಿ ಹಿಡಿದು ಸಣ್ಣಗಾಗುತ್ತ ಬಂದಳು. ಮಶೀನಿನಿಂದ ಎದ್ದ ಮೇಲೆ ಆಕೆಗೆ ಎದೆ ಒತ್ತಿದಂತಾಗುತ್ತಿತ್ತು, ಗಾಡಿಯಲ್ಲಿ ಮಲಗಿಸಿಕೊಂಡೇ ಬರುತ್ತಿದ್ದೆವು. ಬೇಸಿಗೆಯ ಒಂದು ಬೆಳಿಗ್ಗೆ ಸನವಳ್ಳಿಯ ಹತ್ತಿರ ರಸ್ತೆಯ ಬದಿಗೆ ಕಸ್ತೂರಿ ಒಬ್ಬಳೇ ನಿಂತಿದ್ದಳು. ಇಮಾಮಸಾಬ ಗಾಡಿ ನಿಲ್ಲಿಸಿದ.

"ಅವ್ವ ನಿನ್ನೆ ಮಧ್ಯಾಹ್ನ ಹೋದ್ಲು ಕಾಕಾ. ಸಂಜೀಕ ಮಣ್ಣ ಮಾಡಿದ್ವಿ. ನೀವು ಹಾದಿ ಕಾಯಬಾರದಂತ ಹೇಳಾಕ ನಿಂತೇನಿ."

ಅಷ್ಟೇ ಹೇಳಿದಳು. ನಾನು ಇಳಿಯಬೇಕೆಂದು ಬಾಗಿಲಿಗೆ ಕೈ ಹಾಕಿದೆ. ಅವಳೇ ತಡೆದಳು. "ನಿಮ್ಮ ಪಾಳಿ ತಪ್ತೈತಿ, ಹೋಗ್ರಿ. ತಪ್ಪಿಸಿದ್ರ ಅವ್ವ ಬೈತಿದ್ಲು." ನಾವು ಹೋದೆವು. ಇಮಾಮಸಾಬ ತಡಸದಲ್ಲಿ ಗಾಡಿ ನಿಲ್ಲಿಸಲಿಲ್ಲ. ನಾನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದ ಮೇಲೆ, ಇಷ್ಟು ದಿನ ಆಕೆ ಮಲಗುತ್ತಿದ್ದಲ್ಲಿ, ಯಾರೋ ಒಬ್ಬ ಗಂಡಸು ಆಗಲೇ ಮಲಗಿದ್ದ. ಮಶೀನು ಖಾಲಿ ಇಡುವ ಹಾಗಿಲ್ಲ, ಕಾಯುವವರು ಬಹಳ ಇದ್ದಾರೆ. ನನಗೆ ಅದೆಲ್ಲ ಗೊತ್ತು. ಬಸ್ಸಿನಲ್ಲಿ ಒಬ್ಬರು ಇಳಿದ ಕೂಡಲೇ ಇನ್ನೊಬ್ಬರನ್ನು ಕೂರಿಸಿದವನು ನಾನೇ. ಆದರೂ ಆ ನಾಲ್ಕು ತಾಸು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದೆ.

ಮಾರನೆಯ ದಿನ ಸುಮಿತ್ರಾಳ ಜೊತೆ ಸನವಳ್ಳಿಗೆ ಹೋದೆ. ಕಸ್ತೂರಿ ಹೊಲಿಗೆ ಮಶೀನಿನ ಪಕ್ಕ ಕೂತಿದ್ದಳು. ಬಂದವರೆಲ್ಲ ಎದ್ದು ಹೋದ ಮೇಲೆ ನನ್ನ ಹತ್ತಿರ ಸರಿದು ಕೂತು ಸಣ್ಣ ದನಿಯಲ್ಲಿ ಹೇಳಿದಳು.

"ಕಾಕಾ, ಆವತ್ತು ಅವ್ವ ನೀರ ಕೇಳಿದ್ಲು. ಎಂದೂ ಕೇಳಿದಾಕಿ ಅಲ್ಲ. ಒಂದ ತಂಬಗಿ ತುಂಬ ಕೊಡವಾ, ಭಾಳ ನೀರಡಿಸೈತಿ ಅಂದ್ಲು. ಕೊಟ್ಟೆ. ಗಟಗಟ ಕುಡದು, ತಂಪಾತು ನೋಡು ಅಂದ್ಲು. ಅಡ್ಡ ಆದಾಕಿ ಮತ್ತ ಏಳಲಿಲ್ಲ. ನಾ ಕೊಟ್ಟ ನೀರಿಗೇ ಹೋದ್ಲೇನ್ರಿ?"

"ಇಲ್ಲವಾ, ಒಂದು ತಂಬಗಿ ನೀರಿಗೆ ಯಾರೂ ಹೋಗೂದಿಲ್ಲ," ಎಂದೆ. ಹಾಗೆಂದೆನೇ ಹೊರತು ನನಗೆ ಗೊತ್ತಿರಲಿಲ್ಲ. ಅದು ನನ್ನ ಮುಖದಲ್ಲಿ ಕಂಡಿರಬೇಕು. ಕಸ್ತೂರಿ ಕಣ್ಣೊರೆಸಿಕೊಂಡು, "ಡಾಕ್ಟರಿಗೆ ಕೇಳಬೇಕು. ಅವ್ವನ ದಿನಾ ಮುಗಿದ ಮ್ಯಾಲ ನಾನೂ ಬರ್ತೇನಿ" ಎಂದಳು.

ದಿನಕರ್ಮಗಳು ಮುಗಿದ ಮೇಲೆ ಅವಳು ಬಂದಳು. ತಾಯಿ ಕೂರುತ್ತಿದ್ದ ಕಿಟಕಿಯ ಬದಿಗೆ ಕೂರದೆ ನಡುವಿನಲ್ಲಿ ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರ್ ಬಾಯಿಯವರು ನನ್ನನ್ನು ಮಶೀನಿಗೆ ಹಚ್ಚಿಸಿ, ನನ್ನ ಮಂಚದ ಪಕ್ಕದಲ್ಲೇ ನಿಂತು ಅವಳ ಮಾತು ಕೇಳಿದರು. ಕಸ್ತೂರಿ ನೀರಿನ ಸಂಗತಿ ಹೇಳುವಾಗ ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡಿದ್ದಳು.

"ನೀರಿನಿಂದ ಅಲ್ಲವಾ," ಎಂದರು ಡಾಕ್ಟರ್. "ನಿಮ್ಮವ್ವನ ಎದಿ ಭಾಳ ದಿನದಿಂದ ದಣದಿತ್ತು. ನೀ ನೀರ ಕೊಡದಿದ್ರೂ ಅಕೀ ಹೋಗ್ತಿದ್ಲು. ಕೊಟ್ಟಿದ್ದಕ್ಕ ನೀರಡಿಸಿ ಹೋಗಲಿಲ್ಲ. ಅಷ್ಟ ತಿಳಕೋ."

ಕಸ್ತೂರಿ ಅಲ್ಲೇ ಕೆಳಗೆ ಕುಳಿತುಬಿಟ್ಟಳು. ಅತ್ತು ಮುಗಿದ ಮೇಲೆ ಹಣೆ ಒತ್ತಿಕೊಳ್ಳುತ್ತಿದ್ದುದನ್ನು ನೋಡಿ ಡಾಕ್ಟರ್ ಕೇಳಿದರು, "ತಲಿ ನೋಯ್ತೈತೇನು?"

"ಅದು ದಿನಾ ಇದ್ದದ್ದರಿ. ಹೊಲಿಯಾಕ ಕುಂತ್ರ ಶುರು ಆಗ್ತೈತಿ. ಗುಳಿಗಿ ತಗೋತೇನಿ." ಸೆರಗಿನ ಗಂಟು ಬಿಚ್ಚಿ ಒಂದು ಗುಳಿಗೆಯ ಪಟ್ಟಿ ತೋರಿಸಿದಳು. ಮಲಗಿದಲ್ಲಿಂದಲೇ ನಾನು ಗುರುತು ಹಿಡಿದೆ. ನೀಲವ್ವ ಗಾಡಿಯಲ್ಲಿ ಹೇಳುತ್ತಿದ್ದಂಥದೇ ನೋವಿನ ಗುಳಿಗೆ.

ಡಾಕ್ಟರ್ ಅವಳನ್ನು ಎಬ್ಬಿಸಿ ಕೂರಿಸಿ ಬಿಪಿ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿದರು. ರಕ್ತ, ಮೂತ್ರ ಪರೀಕ್ಷೆಗೆ ಕಳಿಸಿದರು. ನಾನು ಮಶೀನಿನಿಂದ ಏಳುವ ಹೊತ್ತಿಗೆ ವರದಿ ಬಂದಿತ್ತು. ಬಿಪಿ ಮೇಲೇರಿ ಎಷ್ಟು ಕಾಲವಾಗಿದೆಯೋ ತಿಳಿಯದು, ಕಿಡ್ನಿಗೆ ಸ್ವಲ್ಪ ಪೆಟ್ಟು ತಗಲಿದೆ, ಆದರೆ ಇನ್ನೂ ಕೈ ಮೀರಿಲ್ಲ. ಬಿಪಿಯ ಗುಳಿಗೆ ತಪ್ಪಿಸಬಾರದು, ನೋವಿನ ಗುಳಿಗೆಯನ್ನು ಮುಟ್ಟಬಾರದು, ಉಪ್ಪಿನಕಾಯಿ, ಹಪ್ಪಳ, ರಂಜಕ ಬಿಡಬೇಕು, ಮೇಲಿಂದ ಮೇಲೆ ತೋರಿಸಿಕೊಳ್ಳಬೇಕು ಎಂದರು. ಕಸ್ತೂರಿ ಎಲ್ಲದಕ್ಕೂ ತಲೆಯಾಡಿಸಿದಳು. ಬೇರೆ ಯಾರಿಗೋ ಹೇಳುತ್ತಿದ್ದಾರೆ ಎಂಬಂತೆ ಕೇಳುತ್ತಿದ್ದಳು.

ಬರುವಾಗ ತಡಸದಲ್ಲಿ ಇಮಾಮಸಾಬ ಗಾಡಿ ನಿಲ್ಲಿಸಿದ. ಕಸ್ತೂರಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಮೂವರೂ ಹೋಟೆಲಿನೊಳಗೆ ಕೂತೆವು. ಹೋಟೆಲಿನವನು ನನ್ನನ್ನು ನೋಡಿದ್ದೇ, "ಬರ್ರಿ ಕಂಡಕ್ಟರ್ ಸಾಹೇಬ್ರ, ಸೂಸಲಾ-ಮಿರ್ಚಿ ಹೌದಿಲ್ಲೋ?" ಎಂದ. ನಾನು ಬೇಡವೆಂದೆ. ಆವತ್ತು ಮನಸ್ಸಿರಲಿಲ್ಲ, ಅಷ್ಟೇ. ಆಮೇಲೆ ಎಂದೂ ತಿಂದಿಲ್ಲವೆಂದು ನಿಮಗೆ ಹೇಳಿದರೆ ಸುಳ್ಳಾಗುತ್ತದೆ.

ಕಸ್ತೂರಿ ಗೋಡೆಯ ಮೇಲೆ ಬರೆದ ತಿಂಡಿಗಳ ಹೆಸರುಗಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ಕಾಕಾ, ಇದರಾಗ ನಾ ಏನು ತಿನ್ನಬಹುದು?"

ಈ ಸೀಮೆಯ ಎಲ್ಲ ಹೋಟೆಲುಗಳ ತಿಂಡಿ ಬಲ್ಲವನು ನಾನು. ಆದರೂ ಆ ಗೋಡೆಯನ್ನು ಬಹಳ ಹೊತ್ತು ಓದಬೇಕಾಯಿತು. "ಇಡ್ಲಿ ತಿನ್ನವಾ. ಚಟ್ನಿ, ಸಾಂಬಾರದಾಗ ಉಪ್ಪು ಭಾಳ ಇರ್ತೈತಿ, ಬ್ಯಾಡ."

ಎರಡು ಇಡ್ಲಿ ಬಂದವು. ಕಸ್ತೂರಿ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು. ನುಂಗಿದ ಮೇಲೆ ತಟ್ಟೆಯನ್ನೇ ನೋಡುತ್ತ ಹೇಳಿದಳು.

"ಅವ್ವ ಇಷ್ಟು ದಿನಾ ಹಿಂಗ ತಿಂದ್ಲಲ್ರಿ. ಬೇಯಿಸಿ ಹಾಕತಿದ್ದೆ, ತಾಟು ತೊಳೀತಿದ್ದೆ. ಒಂದ ದಿನಾನೂ ಅಕೀ ತಾಟಿನಾಗಿಂದು ಒಂದ ತುತ್ತು ನಾ ತಿಂದು ನೋಡಲಿಲ್ಲ."

ಇಮಾಮಸಾಬ ಎದ್ದು ಗಾಡಿಯ ಹತ್ತಿರ ಹೋದ.  ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ತಟ್ಟೆಗೆ ಕೈ ಹಾಕಿದಳು. ಎರಡೂ ಇಡ್ಲಿಗಳನ್ನು ಚೂರೂ ಬಿಡದೆ, ನಿಧಾನವಾಗಿ ತಿಂದು ಮುಗಿಸಿದಳು.